ಮಿಸೆಸ್ ಡಾಬ್ಸನ್ನರ ಮಂಚದ ಪಕ್ಕದಲ್ಲಿ

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ಊರವರ ಮುಂದೆ ಮೊದಲು ಚಳಿಯ ಸುದ್ದಿ ತೆಗೆಯುತ್ತಾರೆ. ನಾನು ಬ್ರೆಡ್ಡಿನಿಂದ ಶುರು ಮಾಡುತ್ತೇನೆ. ನಮ್ಮ ಪುತ್ತೂರು, ಸುಳ್ಯದ ಕಡೆ ಬ್ರೆಡ್ಡು ಎಂದರೆ ಕಾಯಿಲೆಯವರ ಆಹಾರ. ಯಾರಾದರೂ ಪೇಟೆಯಿಂದ ಬ್ರೆಡ್ಡಿನ ಕಟ್ಟು ಹಿಡಿದುಕೊಂಡು ಬಸ್ಸು ಹತ್ತಿದರೆ ಪಕ್ಕದ ಸೀಟಿನವರು "ಯಾರಿಗೆ ಹುಷಾರಿಲ್ಲ?" ಎಂದು ಕೇಳಿಯೇ ಕೇಳುತ್ತಾರೆ. ಅಂಥ ಬ್ರೆಡ್ಡನ್ನು ನಾನು ಆ ದೇಶದಲ್ಲಿ ಗಟ್ಟಿಮುಟ್ಟಾಗಿರುವಾಗಲೇ ದಿನಾ ಬೆಳಿಗ್ಗೆ ತಿಂದೆ. ಊರಿಗೆ ಬರೆದಾಗ ಈ ವಿಷಯ ಬರೆಯಲಿಲ್ಲ. ಬರೆದಿದ್ದರೆ ಅಮ್ಮ ಹರಕೆ ಹೇಳಿಕೊಳ್ಳುತ್ತಿದ್ದಳು.

ಎಂಬತ್ತರ ದಶಕದ ಆರಂಭದ ಮಾತು ಇದು. ಆಮೇಲೆ ನಾನು ಎಷ್ಟೋ ದೇಶಗಳಿಗೆ ಹೋದೆ, ಪ್ರೊಫೆಸರೂ ಆದೆ. ಆದರೆ ನನ್ನನ್ನು ಪ್ರೊಫೆಸರ್ ಮಾಡಿದ್ದು ಆ ಮೊದಲ ಪ್ರವಾಸ. ಅದರಲ್ಲೂ ಒಂದು ಸೋಮವಾರ, ಒಂದು ಮಂಗಳವಾರ, ಒಂದು ಬುಧವಾರ.

ದರ್ಬೆ

ನಾನು ಸುಳ್ಯದ ಹತ್ತಿರದ ಅಜ್ಜಾವರದವಳು. ಪುತ್ತೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತ ದರ್ಬೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೆ. ಬೇಡಿಕೆ, ಪೂರೈಕೆ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುವುದು ನನ್ನ ಉದ್ಯೋಗ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆಸ್ಪತ್ರೆಗೆ ಸೇರಿದವರ ಬಗ್ಗೆ ಒಂದು ಸಮೀಕ್ಷೆ ಮಾಡುವ ಕೆಲಸ ಕಾಲೇಜಿಗೆ ಬಂತು. ಆಸ್ಪತ್ರೆ ಸುತ್ತಲು ಗಂಡಸು ಮೇಷ್ಟ್ರುಗಳು ಯಾರೂ ಒಪ್ಪಲಿಲ್ಲ. "ಫಿನಾಯಿಲ್ ವಾಸನೆ ಆಗುದಿಲ್ಲ" ಎಂದರು. ನನಗೆ ಆಗುತ್ತದೆ, ಕೊಡಿ ಎಂದೆ.

ಹಾಗೆ ಪುತ್ತೂರು, ಸುಳ್ಯ, ಆಗ ಇನ್ನೂ ಬೇರೆ ತಾಲೂಕು ಆಗಿರದ ಕಡಬ, ಹೀಗೆ ಎಲ್ಲ ಕಡೆ ಬಸ್ಸಿನಲ್ಲಿ ತಿರುಗಿದೆ. ರೋಗಿಗೆ ಎಷ್ಟು ದಿನ ಕೆಲಸ ತಪ್ಪಿತು ಎಂದು ಕೇಳುವುದು ನಮ್ಮ ಪ್ರಶ್ನೆ. ಆದರೆ ರೋಗಿ ಒಬ್ಬನೇ ಇರುವ ಮಂಚ ಎಲ್ಲಿದೆ? ಮಂಚದ ಮೇಲೆ ಒಬ್ಬ, ಕೆಳಗೆ ಚಾಪೆಯಲ್ಲಿ ಇಬ್ಬರು, ಹೊರಗೆ ಜಗಲಿಯಲ್ಲಿ ಗಂಜಿ ಬಿಸಿ ಮಾಡುತ್ತ ಒಬ್ಬಳು. ಇವರನ್ನು ನಮ್ಮಲ್ಲಿ ರೋಗಿಯ ಒಟ್ಟಿಗೆ ನಿಲ್ಲುವವರು ಎನ್ನುತ್ತಾರೆ. "ಆಸ್ಪತ್ರೆಯಲ್ಲಿ ಯಾರು ನಿಲ್ಲುದು?" ಎನ್ನುವುದು ಯಾವ ಮನೆಯಲ್ಲೂ ಕಾಯಿಲೆಗಿಂತ ಮೊದಲು ಇತ್ಯರ್ಥವಾಗುವ ವಿಷಯ.

ಸುಳ್ಯದಲ್ಲಿ ಹೊಟ್ಟೆಯ ಆಪರೇಶನ್ ಆಗಿದ್ದ ಗೌಡರೊಬ್ಬರ ಸುತ್ತ ಒಂದು ಸಣ್ಣ ಸಭೆಯೇ ಸೇರಿತ್ತು. ಒಬ್ಬೊಬ್ಬರನ್ನೇ ತೋರಿಸಿ ಯಾರು ಎಂದು ಕೇಳಿದೆ. ಮಗ, ಅಳಿಯ, ತಂಗಿ, ನೆರೆಯವರು. ಕೊನೆಯವನ ಸರದಿ ಬಂದಾಗ ಗೌಡರು ತಲೆ ಕೆರೆದುಕೊಂಡರು.

"ಇವರು ಯಾರು ಅಂತ ನನಗೂ ಸರಿ ಗೊತ್ತಿಲ್ಲ ಮಾರಾಯ್ರೆ. ಬಸ್ಸಿನಲ್ಲಿ ಸಿಕ್ಕಿದವರು. ನನ್ನ ಅವಸ್ಥೆ ನೋಡಿ ಒಟ್ಟಿಗೆ ಇಳಿದರು."

ಆ ಮನುಷ್ಯ ರಾಮಕುಂಜಕ್ಕೆ ನೆಂಟರ ಮನೆಗೆ ಹೊರಟವನಂತೆ. "ಬಿಟ್ಟು ಹೋಗುದು ಹೇಗೆ?" ಎಂದು ನನ್ನನ್ನೇ ಕೇಳಿದ. ಅವನನ್ನು ಯಾವ ಕಾಲಮ್ಮಿನಲ್ಲಿ ತುಂಬಿಸುವುದೆಂದು ನನಗೆ ಹೊಳೆಯಲಿಲ್ಲ. ಓದಿದ್ದ ಯಾವ ಪುಸ್ತಕದಲ್ಲೂ ಅವನಿಗೆ ಜಾಗವಿರಲಿಲ್ಲ. ಇವನ ಬಗ್ಗೆ ಬರೆಯದಿದ್ದರೆ ನಾನು ಕಲಿತ ಅರ್ಥಶಾಸ್ತ್ರಕ್ಕೆ ಅರ್ಥವಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಇಂಗ್ಲೆಂಡಿನಲ್ಲಿ ಆರೋಗ್ಯ ಅರ್ಥಶಾಸ್ತ್ರ ಎಂಬ ಹೊಸ ವಿದ್ಯೆ ಕಲಿಸುತ್ತಾರೆಂದು ಗೊತ್ತಾದಾಗ ಅರ್ಜಿ ಹಾಕಿದೆ. ಒಂದು ವರ್ಷದ ಡಿಪ್ಲೊಮಾಕ್ಕೆ ವಿದ್ಯಾರ್ಥಿವೇತನ ಸಿಕ್ಕಿತು.

ಹೊರಡುವ ಹಿಂದಿನ ದಿನ ಅಪ್ಪ ಕೇಳಿದರು, "ಎಂತ ಅದು ಆರೋಗ್ಯ ಅರ್ಥಶಾಸ್ತ್ರ ಅಂದ್ರೆ? ಮಾತ್ರೆಯ ಲೆಕ್ಕವಾ?"

"ಮಾತ್ರೆ ಬಿಟ್ಟು ಉಳಿದದ್ದರ ಲೆಕ್ಕ" ಎಂದೆ. ಅಪ್ಪನಿಗೆ ಅದು ಅಹಂಕಾರದ ಮಾತಾಗಿ ಕೇಳಿರಬೇಕು. ಆದರೂ ನಕ್ಕು, ಹೋಗಿ ಬಾ ಎಂದರು.

ಕಲ್ಲಿದ್ದಲಿನ ಊರು

ನಾನು ಇಳಿದ ಊರು ಇಂಗ್ಲೆಂಡಿನ ಉತ್ತರದ ಕಡೆಯದ್ದು. ಕಲ್ಲಿದ್ದಲಿನ ಹೊಗೆ ಹಿಡಿದು ಕಪ್ಪಾದ ಕಲ್ಲಿನ ಮನೆಗಳು, ಒಂದರ ಗೋಡೆಗೆ ಇನ್ನೊಂದು ಆತುಕೊಂಡು ನಿಂತಿದ್ದವು. ಗೋಡೆ ಒಂದೇ ಆದರೂ ಮನುಷ್ಯರು ಬೇರೆ ಬೇರೆ. ಬೀದಿಯಲ್ಲಿ ಹೊರಟವಳನ್ನು ಯಾರೂ "ಎಲ್ಲಿಗೆ?" ಎಂದು ಕೇಳುವುದಿಲ್ಲ. ಮೊದಲ ವಾರ ಅದು ಸ್ವಾತಂತ್ರ್ಯ ಅನ್ನಿಸಿತು. ಎರಡನೇ ವಾರದಿಂದ ಯಾರಾದರೂ ಒಮ್ಮೆ ಕೇಳಬಾರದೇ ಅನ್ನಿಸತೊಡಗಿತು.

ನನ್ನ ಮನೆಯೊಡತಿ ಮಿಸೆಸ್ ಡಾಬ್ಸನ್. ಎಪ್ಪತ್ತು ದಾಟಿದ ವಿಧವೆ. ಮಕ್ಕಳಿಲ್ಲ, ಒಡಹುಟ್ಟಿದವರು ತೀರಿಹೋಗಿದ್ದರು. ಜಿಂಜರ್ ಎಂಬ ಬೆಕ್ಕು ಮಾತ್ರ ಇತ್ತು. ಅವರು ನನ್ನನ್ನು 'ಲವ್' ಎಂದು ಕರೆದಾಗ ಮೊದಲು ಗಾಬರಿಯಾಯಿತು. ಆಮೇಲೆ ನೋಡಿದರೆ ಬಸ್ ಕಂಡಕ್ಟರಿಗೂ ಲವ್, ಹಾಲು ತರುವವನಿಗೂ ಲವ್. ನಮ್ಮ ಮಾರಾಯ್ರೆ ಇದ್ದ ಹಾಗೆ ಎಂದು ಸಮಾಧಾನವಾಯಿತು. ಸಂಜೆ ನಾವಿಬ್ಬರೂ ಅಡುಗೆಮನೆಯ ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದೆವು. ಅವರು ತಮ್ಮ ಬದುಕಿನ ವಿಷಯ ಏನೂ ಹೇಳುತ್ತಿರಲಿಲ್ಲ, ನನ್ನದನ್ನು ಕೇಳುತ್ತಲೂ ಇರಲಿಲ್ಲ. ಹವೆಯ ವಿಷಯ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಿದ್ದರು.

ಲಿಲ್ಲಿಯಕ್ಕ ಸಿಕ್ಕಿದ್ದು ತರಕಾರಿ ಅಂಗಡಿಯಲ್ಲಿ. ಬೆಂಡೆಕಾಯಿ ಕಂಡದ್ದೇ ನನಗೆ ಮೈಮರೆತು ಹೋಗಿತ್ತು. ಊರಿನ ಅಭ್ಯಾಸ, ಎಳತೋ ಬಲಿತದ್ದೋ ನೋಡಲು ತುದಿ ಮುರಿದು ನೋಡಿದೆ. ಒಂದಾಯಿತು, ಎರಡಾಯಿತು, ಮೂರನೆಯದಕ್ಕೆ ಅಂಗಡಿಯವನು ಕೂಗಾಡತೊಡಗಿದ. ಹಿಂದಿನಿಂದ ಕನ್ನಡದಲ್ಲಿ ಒಂದು ದನಿ ಬಂತು.

"ಇಲ್ಲಿ ತುದಿ ಮುರಿಲಿಕ್ಕಿಲ್ಲ ಮಾರಾಯ್ರೆ! ಪುತ್ತೂರಾ ನೀವು?"

ತಿರುಗಿ ನೋಡಿದರೆ ದಪ್ಪ ಕೋಟಿನೊಳಗೆ ಒಬ್ಬ ಎತ್ತರದ ಹೆಂಗಸು. ಕಡಬದವರು. ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವರು. ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಹತ್ತು ವರ್ಷದಿಂದ ನರ್ಸ್. ಮುರಿದ ಬೆಂಡೆಕಾಯಿಗಳನ್ನೆಲ್ಲ ತಾವೇ ಕೊಂಡು ನನ್ನನ್ನು ಮನೆಗೆ ಕರೆದೊಯ್ದು ಪಲ್ಯ ಮಾಡಿ ಬಡಿಸಿದರು. ನನ್ನ ಅಧ್ಯಯನದ ವಿಷಯ ಕೇಳಿ ಮಾತ್ರ ಕೈ ಕೊಡವಿದರು.

"ಆ ಜನ ಹಿಂಡು ಕಟ್ಟಿ ಕೂತುಕೊಳ್ಳುದಾ? ಅದಕ್ಕೆ ಡಿಪ್ಲೊಮಾ ಬೇರೆ ಕೊಡ್ತಾರಾ ಟೀಚರೆ? ನಮ್ಮಲ್ಲಿ ಆಸ್ಪತ್ರೆ ಅಂದ್ರೆ ಸಂತೆ. ಇಲ್ಲಿ ನಮ್ಮ ವಾರ್ಡಿಗೆ ಒಮ್ಮೆ ಬನ್ನಿ, ಸೂಜಿ ಬಿದ್ರೆ ಕೇಳ್ತದೆ. ರೋಗಿಗೆ ಅದು ಬೇಕಾದ್ದು."

"ಸೂಜಿ ಬಿದ್ದರೆ ಹೆಕ್ಕಿಕೊಡಲಿಕ್ಕೆ ಯಾರಾದರೂ ಬೇಡವಾ ಲಿಲ್ಲಿಯಕ್ಕ?" ಎಂದೆ. ಅಂದಿನಿಂದ ನಮ್ಮಿಬ್ಬರದ್ದು ಜಗಳದ ಸ್ನೇಹ.

ಪ್ರೊಫೆಸರರ ಕೋಣೆ

ವಿಭಾಗದ ಮುಖ್ಯಸ್ಥರ ಹೆಸರು ಪ್ರೊಫೆಸರ್ ಹಾರ್ಟ್ಲಿ. ತೆಳ್ಳಗೆ, ಉದ್ದಕ್ಕೆ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಪೈಪಿನಲ್ಲಿ ತಂಬಾಕು ತುಂಬಿಸುವಷ್ಟು ವಿರಾಮ. ಒಳ್ಳೆಯ ಮೇಷ್ಟ್ರು. ನನ್ನ ತಪ್ಪುಗಳನ್ನು ಮುಲಾಜಿಲ್ಲದೆ ತಿದ್ದುತ್ತಿದ್ದರು, ನಾನೂ ಮುಲಾಜಿಲ್ಲದೆ ವಾದಿಸುತ್ತಿದ್ದೆ. ಆ ದೇಶದಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ನಮ್ಮಲ್ಲಿ ಗುರುಗಳ ಎದುರು ವಾದ ಮಾಡಿದರೆ ಉದ್ಧಟತನ, ಅಲ್ಲಿ ಸುಮ್ಮನೆ ಕೂತರೆ ದಡ್ಡತನ.

ಡಿಪ್ಲೊಮಾದ ಅರ್ಧ ಕಳೆಯುತ್ತ ಬಂದಂತೆ ನನ್ನ ಮುಂದಿನ ದಾರಿಯ ಪ್ರಶ್ನೆ ಎದ್ದಿತು. ಸೆಮಿನಾರಿನಲ್ಲಿ ನನ್ನ ಪ್ರಬಂಧ ಮಂಡಿಸಬೇಕು. ವಿಭಾಗ ಒಪ್ಪಿದರೆ ಅದೇ ವಿಷಯದಲ್ಲಿ ಡಾಕ್ಟರೇಟಿಗೆ ಉಳಿಯಬಹುದು. ಒಪ್ಪದಿದ್ದರೆ ವಾಪಸು ದರ್ಬೆ, ಅದೇ ಬೋರ್ಡು, ಅದೇ ಬೇಡಿಕೆ-ಪೂರೈಕೆಯ ಗೆರೆ. ವಿಷಯ ಬದಲಾಯಿಸಿ ಇಂಗ್ಲೆಂಡಿನ ಆಸ್ಪತ್ರೆಗಳ ಬಗ್ಗೆ ಬರೆದರೆ ಸುಲಭವಾಗುತ್ತದೆ ಎಂದು ಹಾರ್ಟ್ಲಿಯವರು ಸೂಚಿಸಿದರು. ನಾನು ಒಪ್ಪಲಿಲ್ಲ.

"ನಿಮ್ಮ ಒಟ್ಟಿಗೆ ನಿಲ್ಲುವವರು ಮಾಡುವ ಕೆಲಸ ಏನು?" ಎಂದು ಅವರು ಕೇಳಿದರು. "ನೀರು ಕೊಡುವುದು, ಮೈ ಒರೆಸುವುದು, ಔಷಧ ತರುವುದು. ಒಳ್ಳೆಯ ಆಸ್ಪತ್ರೆಯಲ್ಲಿ ಅದನ್ನು ನರ್ಸ್ ಮಾಡುತ್ತಾಳೆ. ಅಂದರೆ ಇವರು ಆಸ್ಪತ್ರೆಯ ಕೊರತೆ ತುಂಬುವವರು. ಆಸ್ಪತ್ರೆ ಸುಧಾರಿಸಿದ ದಿನ ಇವರು ಮನೆಗೆ ಹೋಗುತ್ತಾರೆ. ಇದು ವ್ಯರ್ಥವಾಗುವ ಶ್ರಮ, ಅಷ್ಟೆ."

"ಕೆಲಸ ಇಲ್ಲದಿದ್ದರೂ ಇವರು ಹೋಗುವುದಿಲ್ಲ ಸರ್. ಕೂತಿರುತ್ತಾರೆ. ಆ ಕೂತಿರುವುದೇ ರೋಗಿಗೆ ಔಷಧ."

"ಎಲ್ಲ ರೋಗಿಗಳಿಗೂ?"

"ಮನುಷ್ಯರೆಲ್ಲರಿಗೂ" ಎಂದು ಎದೆತಟ್ಟಿ ಹೇಳಿ ಬಂದೆ. ಆ ಮಾತು ಎಷ್ಟು ಬೇಗ ನನ್ನ ತಲೆಯ ಮೇಲೆಯೇ ಬೀಳಲಿದೆ ಎಂದು ಗೊತ್ತಿರಲಿಲ್ಲ.

ಸೋಮವಾರ, ವಾರ್ಡಿನಲ್ಲಿ

ಸೆಮಿನಾರು ಬುಧವಾರ ಮಧ್ಯಾಹ್ನ ಎಂದು ನಿಶ್ಚಯವಾಯಿತು. ಅದರ ಹಿಂದಿನ ಭಾನುವಾರ ಮಿಸೆಸ್ ಡಾಬ್ಸನ್ ಹಿತ್ತಿಲಲ್ಲಿ ಮಂಜುಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. ಬಟ್ಟೆ ಒಣಹಾಕಲು ಹೋದವರು. ಕೂಗಿದರೆ ನೆರೆಯವರಿಗೆ ತೊಂದರೆ ಎಂದು ಕೂಗದೆ ಬಿದ್ದುಕೊಂಡೇ ಇದ್ದರು. ನಾನು ಕಂಡು ಫೋನ್ ಮಾಡಿದೆ. ಆ್ಯಂಬುಲೆನ್ಸ್ ಎಷ್ಟು ಬೇಗ ಬಂತೆಂದರೆ, ನಮ್ಮಲ್ಲಿ ಅಷ್ಟರೊಳಗೆ ಜೀಪಿನ ಡ್ರೈವರ್ ಎಲ್ಲಿದ್ದಾನೆಂದು ಹುಡುಕುವ ಕೆಲಸ ಶುರುವಾಗಿರುತ್ತಿತ್ತಷ್ಟೆ. ಆದರೆ ನಾನು ಹತ್ತಲು ಹೋದರೆ "ನೀವು ಬರುವ ಅಗತ್ಯವಿಲ್ಲ" ಎಂದು ಬಾಗಿಲು ಹಾಕಿಕೊಂಡು ಹೋದರು. ಸೊಂಟದ ಮೂಳೆ ಮುರಿದಿದೆ, ಆಪರೇಶನ್ ಬುಧವಾರ ಮಧ್ಯಾಹ್ನ ಎಂದು ಆಮೇಲೆ ತಿಳಿಯಿತು.

ಸೋಮವಾರ ಸಂಜೆ ಫ್ಲಾಸ್ಕಿನಲ್ಲಿ ಗಂಜಿ ತುಂಬಿಸಿಕೊಂಡು ಹೋದೆ. ನನ್ನ ಮನಸ್ಸಿನಲ್ಲಿ ಯಾವ ಗೊಂದಲವೂ ಇರಲಿಲ್ಲ. ಇವರಿಗೆ ಯಾರೂ ಇಲ್ಲ, ಮನೆಯಲ್ಲಿ ಇರುವವಳು ನಾನೊಬ್ಬಳೇ, ಆದ್ದರಿಂದ ನಿಲ್ಲುವವಳು ನಾನೇ. ಲಿಲ್ಲಿಯಕ್ಕನ ವಾರ್ಡೇ ಅದು. ಉದ್ದನೆಯ ಹಾಲಿನಲ್ಲಿ ಎರಡೂ ಕಡೆ ಮಂಚಗಳ ಸಾಲು. ಲಿಲ್ಲಿಯಕ್ಕ ಹೇಳಿದ ಹಾಗೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಮಿಸೆಸ್ ಡಾಬ್ಸನ್ ನನ್ನನ್ನು ಕಂಡು ಸಂತೋಷಪಟ್ಟರು. ಗಂಜಿಯನ್ನು ಎರಡು ಚಮಚ ತಿಂದು, ಬಹಳ ವಿಶೇಷವಾಗಿದೆ ಎಂದು ಫ್ಲಾಸ್ಕಿನ ಮುಚ್ಚಳ ಹಾಕಿದರು. ಆ ದೇಶದಲ್ಲಿ ವಿಶೇಷ ಎಂದರೆ ಸಾಕು ಎಂದರ್ಥ.

ಸ್ವಲ್ಪ ಹೊತ್ತಿನಲ್ಲೇ ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯಿತು. ನೋಡಲು ಬಂದವರೆಲ್ಲ ಅರ್ಧ ಮಾತನ್ನು ಅಲ್ಲೇ ಬಿಟ್ಟು, ಕೋಟು ಹಾಕಿಕೊಂಡು, ಶಾಲೆ ಬಿಟ್ಟ ಹಾಗೆ ಹೊರಟುಹೋದರು. ನಾನು ಹೊರಡಲಿಲ್ಲ. ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡೆ. ಅವರ ಕಣ್ಣಿಗೆ ಬೆಳಕು ಹೊಡೆಯುತ್ತಿದೆ ಎಂದು ಮಂಚದ ಸುತ್ತಲಿನ ಪರದೆಯನ್ನೂ ಎಳೆದೆ. ಒಬ್ಬ ಎಳೆಯ ನರ್ಸ್ ಇಣುಕಿ ನೋಡಿದಳು.

"ನಾನು ಇವರ ಜೊತೆ ಇರುತ್ತೇನೆ" ಎಂದು ಖಡಾಖಂಡಿತವಾಗಿ ಹೇಳಿದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಮಿಸೆಸ್ ಡಾಬ್ಸನ್ನರ ಮುಖ. ಮೆಲ್ಲಗೆ "ಸರಿ, ಖಂಡಿತ" ಎಂದು ಹೋಗಿ, ನನಗೆ ಒಂದು ಕಪ್ ಚಹಾ ತಂದುಕೊಟ್ಟಳು. ಭುಜದ ಮೇಲೆ ಕೈಯನ್ನೂ ಇಟ್ಟಳು. ಗಟ್ಟಿಯಾಗಿ ನಿಂತರೆ ಇಂಗ್ಲಿಷರೂ ಮನುಷ್ಯರೇ ಎಂದು ನಾನು ಹಿಗ್ಗಿದೆ. ಬುಧವಾರ ಹಾರ್ಟ್ಲಿಯವರಿಗೆ ಇದನ್ನೇ ಉದಾಹರಣೆ ಕೊಡಬೇಕು ಎಂದುಕೊಂಡು ಚಹಾ ಕುಡಿದೆ.

ಮಿಸೆಸ್ ಡಾಬ್ಸನ್ ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದರು.

"ಲವ್, ಅವರು ನಿನಗೆ ಏನಾದರೂ ಹೇಳಿದರಾ?"

"ಏನಿಲ್ಲ. ನೀವು ಸುಮ್ಮನೆ ಮಲಗಿ" ಎಂದೆ. ನಮ್ಮಲ್ಲಿ ರೋಗಿಗೆ ಹೇಳುವ ಮಾತು ಅದೇ ತಾನೇ.

ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಜಿಂಜರನ್ನು ಮೂಲೆಮನೆಯವರಿಗೆ ಕೊಡಬೇಕೆಂದರು. ನೀಲಿ ಹೂವಿನ ಟೀ ಪಾತ್ರೆ ನನಗೆ ಇರಲಿ ಎಂದರು. ಆಗಲಿ ಎಂದೆ. ಆಪರೇಶನ್ನಿಗೆ ಮೊದಲು ಯಾರಾದರೂ ಇಂಥ ಮಾತು ಆಡುತ್ತಾರೆ, ನಮ್ಮಲ್ಲೂ ಆಡುತ್ತಾರೆ. ಆಮೇಲೆ ನೋಡಿದರೆ ಅವರ ಕಣ್ಣಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು. ಸದ್ದಿಲ್ಲ. ನಾನು ಕೈ ಹಿಡಿದುಕೊಂಡೆ. ಅಳು ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಪಾಳಿ ಬದಲಾಗಿ ಲಿಲ್ಲಿಯಕ್ಕ ಬಂದರು. ಪರದೆ ಸರಿಸಿ ನೋಡಿದವರೇ ನನ್ನ ರಟ್ಟೆ ಹಿಡಿದು ಕಾರಿಡಾರಿಗೆ ಎಳೆದುಕೊಂಡು ಹೋದರು.

"ಎಂತ ಟೀಚರೆ ನೀವು ಮಾಡಿದ್ದು? ಆ ಅಜ್ಜಿ ಸಾಯ್ಲಿಕ್ಕೆ ತಯಾರಾಗಿ ಮಲಗಿದ್ದಾರೆ!"

"ನಾನು ಎಂತ ಮಾಡಿದೆ? ಒಟ್ಟಿಗೆ ನಿಂತೆ, ಅಷ್ಟೆ."

"ಅದೇ ಮಾರಾಯ್ರೆ! ಇಲ್ಲಿ ಗಂಟೆ ಹೊಡೆದ ಮೇಲೆ ಮಂಚದ ಹತ್ತಿರ ಜನ ಬಿಡುದು ಯಾವಾಗ ಗೊತ್ತುಂಟಾ? ಡಾಕ್ಟ್ರು ಕೈಬಿಟ್ಟ ಮೇಲೆ. ಪರದೆ ಎಳೆಯುದೂ ಆಗಲೇ. ಒಟ್ಟಿಗೆ ಇದ್ದವರಿಗೆ ಚಾ ಕೊಡುದೂ ಆಗಲೇ. ಆ ಹುಡುಗಿ, ದೊಡ್ಡ ಸಿಸ್ಟರ್ ಒಪ್ಪಿಗೆ ಕೊಟ್ಟಿದ್ದಾರೆ ಅಂತ ಗ್ರಹಿಸಿದ್ದಾಳೆ. ಇಷ್ಟೆಲ್ಲ ಮಾಡಿ ನೀವು 'ಏನಿಲ್ಲ, ಮಲಗಿ' ಅಂತ ಬೇರೆ ಹೇಳಿದ್ದೀರಿ!"

ಲಿಲ್ಲಿಯಕ್ಕ ಒಳಗೆ ಹೋಗಿ ಪರದೆಯನ್ನು ಸರ್ರೆಂದು ತೆಗೆದು, ಮಂಚದ ದೀಪ ಹಾಕಿ, ಎಲ್ಲರಿಗೂ ಕೇಳುವ ಹಾಗೆ "ಈ ಹುಡುಗಿಗೆ ನಮ್ಮ ರೂಲ್ಸ್ ಗೊತ್ತಿಲ್ಲ, ಮಿಸೆಸ್ ಡಾಬ್ಸನ್. ನಿಮಗೆ ಏನೂ ಆಗಿಲ್ಲ, ಬುಧವಾರ ಮೂಳೆ ಕೂಡಿಸುತ್ತೇವೆ" ಎಂದು ಇಂಗ್ಲಿಷಿನಲ್ಲಿ ಗದರಿದರು. ನನ್ನನ್ನು ಹೊರಗೆ ಅಟ್ಟಿದರು.

ಚಳಿಯಲ್ಲಿ ನಡೆದುಕೊಂಡೇ ಮನೆಗೆ ಬಂದೆ. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ ಇತ್ತು. ಮನುಷ್ಯರೆಲ್ಲರಿಗೂ ಔಷಧ ಎಂದು ನಾನು ಹೇಳಿದ್ದು ಒಬ್ಬ ಮುದುಕಿಯ ಎದೆಗೆ ಭರ್ಜಿಯಾಗಿತ್ತು. ನನ್ನ ಇಡೀ ಪ್ರಬಂಧ ನಿಂತಿದ್ದು ಆ ಒಂದು ಮಾತಿನ ಮೇಲೆ. ಹಾರ್ಟ್ಲಿಯವರಿಗೆ ಈ ಕಥೆ ಸಿಕ್ಕಿದರೆ ಬುಧವಾರ ನಾನು ಬಾಯಿ ತೆರೆಯುವ ಮೊದಲೇ ಸೆಮಿನಾರು ಮುಗಿಯುತ್ತದೆ. ಹೇಳದೆ ಮುಚ್ಚಿಡಬಹುದಿತ್ತು. ಆದರೆ ಗೊತ್ತಿದ್ದೂ ಸುಳ್ಳು ಪ್ರಬಂಧ ಓದಿ ಡಾಕ್ಟರೇಟು ಮಾಡುವುದಕ್ಕೆ ನಾನು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ಮಂಗಳವಾರ

ಮರುದಿನ ಸರಿಯಾದ ಹೊತ್ತಿಗೆ, ಎಲ್ಲರ ಜೊತೆ, ಹೂವು ಹಿಡಿದುಕೊಂಡು ಹೋದೆ. ಮಿಸೆಸ್ ಡಾಬ್ಸನ್ ದಿಂಬಿಗೆ ಒರಗಿ ಕೂತಿದ್ದರು.

"ಟೀ ಪಾತ್ರೆ ವಾಪಸು" ಎಂದರು. ಸಿಟ್ಟಿತ್ತು, ಆದರೆ ತುಟಿಯ ಕೊನೆಯಲ್ಲಿ ನಗುವೂ ಇತ್ತು.

ನಾನು ಕೂತು ನಮ್ಮೂರಿನ ಕ್ರಮವನ್ನೆಲ್ಲ ಹೇಳಿದೆ. ಚಾಪೆ, ಗಂಜಿ, ಜಗಲಿಯ ಜನ, ಬಸ್ಸಿನಿಂದ ಇಳಿದ ಆ ಮನುಷ್ಯ. ಅವನ ಕಥೆ ಅವರಿಗೆ ಬಹಳ ಹಿಡಿಸಿತು. ಅವನಿಗೆ ಹೆಂಡತಿ ಇದ್ದಳೋ, ಮನೆಗೆ ತಡವಾಗಿ ಹೋದಾಗ ಏನು ಹೇಳಿದಳೋ ಎಂದು ವಿಚಾರಿಸಿದರು. ಎಷ್ಟೋ ತಿಂಗಳಲ್ಲಿ ಅವರು ನನ್ನ ಊರಿನ ವಿಷಯ ಕೇಳಿದ್ದು ಅದೇ ಮೊದಲು.

"ನಿಮ್ಮಲ್ಲಿ ಮಂಚದ ಹತ್ತಿರ ಯಾರೂ ಇಲ್ಲದಿದ್ದರೆ?" ಎಂದು ಕೇಳಿದರು.

"ಕಥೆ ಮುಗಿಯಿತು ಎಂದು ತಿಳಿಯುತ್ತಾನೆ ರೋಗಿ. ಮನೆಯವರೇ ಕೈಬಿಟ್ಟರಲ್ಲ, ಇನ್ನು ಬದುಕುವುದು ಯಾಕೆ ಎನ್ನುತ್ತಾನೆ."

ಹೇಳಿದ ಮೇಲೆ ನನಗೇ ಅದರ ಅರ್ಥ ಹೊಳೆಯಿತು. ನಮ್ಮೂರಲ್ಲಿ ಖಾಲಿ ಕುರ್ಚಿ ಕಂಡರೆ ಬರುವ ಹೆದರಿಕೆಯೇ ಇಲ್ಲಿ ತುಂಬಿದ ಕುರ್ಚಿ ಕಂಡರೆ ಬರುತ್ತದೆ. ಹೆದರಿಕೆ ಒಂದೇ, ಕುರ್ಚಿ ಮಾತ್ರ ತಲೆಕೆಳಗು. ಕೂತುಕೊಳ್ಳುವವರು ಮಾಡುವ ಕೆಲಸವನ್ನು ನರ್ಸಿನ ಕೆಲಸದ ಜೊತೆ ತೂಗಿ ನೋಡಿದ್ದು ಹಾರ್ಟ್ಲಿಯವರ ತಪ್ಪು. ಎಲ್ಲ ಕಡೆ ಅದಕ್ಕೆ ಒಂದೇ ಬೆಲೆ ಎಂದುಕೊಂಡದ್ದು ನನ್ನ ತಪ್ಪು. ಬೆಲೆ ಗೊತ್ತಾಗಬೇಕಾದರೆ ಮಲಗಿದವರನ್ನೇ ಕೇಳಬೇಕು. ಕೇಳಿಯೇಬಿಟ್ಟೆ.

"ನಿನ್ನೆ ಸಾಯುತ್ತೇನೆಂಬ ಹೆದರಿಕೆ ಇಲ್ಲದೇ ಇದ್ದಿದ್ದರೆ, ನಾನು ಕೂತದ್ದು ನಿಮಗೆ ಬೇಕಾಗಿತ್ತೇ, ಬೇಡವಾಗಿತ್ತೇ?"

ಅವರು ಹೂವನ್ನು ಅತ್ತಿತ್ತ ಸರಿಪಡಿಸಿದರು. ಆ ದೇಶದಲ್ಲಿ ಕೇಳಬಾರದ ಪ್ರಶ್ನೆಯನ್ನು ನಾನು ಕೇಳಿದ್ದೆ.

"ಬೇಡ ಎಂದೇ ಹೇಳುತ್ತಿದ್ದೆ" ಎಂದರು ಕೊನೆಗೆ. "ಯಾರೂ ಬರುವುದಿಲ್ಲ ಎಂದು ಗೊತ್ತಿದ್ದವಳು ಬೇಡ ಎನ್ನುವುದನ್ನು ಮೊದಲೇ ಕಲಿತಿರುತ್ತಾಳೆ, ಲವ್. ಇಲ್ಲದಿದ್ದರೆ ಬದುಕುವುದು ಹೇಗೆ?"

ಗಂಟೆ ಹೊಡೆಯಿತು. ಎದ್ದು ನಿಂತೆ.

"ನಾಳೆ ಬರಬೇಡ" ಎಂದರು. "ನಿನ್ನ ಪರೀಕ್ಷೆ ಇದೆ. ನನಗೆ ಹೇಗೂ ಮದ್ದು ಕೊಟ್ಟು ಮಲಗಿಸುತ್ತಾರೆ, ನೀನು ಬಂದರೂ ತಿಳಿಯುವುದಿಲ್ಲ."

ಬಾಗಿಲಲ್ಲಿ ಲಿಲ್ಲಿಯಕ್ಕನೂ ಅದನ್ನೇ ಹೇಳಿದರು. "ಹೋಗಿ, ಸೆಮಿನಾರು ಮಾಡಿ. ಆಪರೇಶನ್ ಹೊತ್ತಿಗೆ ನಿಮ್ಮನ್ನು ಒಳಗೆ ಬಿಡುದೇ ಇಲ್ಲ. ಹೊರಗೆ ಕಾರಿಡಾರಿನಲ್ಲಿ ಕೂತು ಎಂತ ಮಾಡ್ತೀರಿ? ನನಗೆ ನಾಳೆ ರಜೆ. ಇಲ್ಲದಿದ್ದರೆ ನಾನಾದರೂ ಇರ್ತಿದ್ದೆ." ಸ್ವಲ್ಪ ತಡೆದು, "ಎಲುಬಿನದ್ದು ದೊಡ್ಡ ಆಪರೇಶನ್. ವಯಸ್ಸು ಉಂಟಲ್ಲ" ಎಂದರು.

ಬುಧವಾರ

ಆಪರೇಶನ್ ದಿನ ರೋಗಿಯನ್ನು ಒಂಟಿಯಾಗಿ ಬಿಟ್ಟ ಮನೆಗೆ ಹೆಣ್ಣು ಕೊಡಲಿಕ್ಕೂ ನಮ್ಮೂರಲ್ಲಿ ಹಿಂದೆಮುಂದೆ ನೋಡುತ್ತಾರೆ. ನಾನು ಸೀರೆ ಉಟ್ಟು, ಕೋಟು ತೊಟ್ಟು, ಆಸ್ಪತ್ರೆಯ ದಾರಿಗೆ ಬೆನ್ನು ಹಾಕಿ ವಿಶ್ವವಿದ್ಯಾಲಯಕ್ಕೆ ಹೋದೆ. ಹಾರ್ಟ್ಲಿಯವರು, ಇನ್ನಿಬ್ಬರು ಅಧ್ಯಾಪಕರು, ಹಿಂದಿನ ಸಾಲಿನಲ್ಲಿ ಕೆಲವು ವಿದ್ಯಾರ್ಥಿಗಳು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು.

ಪುತ್ತೂರಿನ ಸಮೀಕ್ಷೆ ಹೇಳಿದೆ. ಸುಳ್ಯದ ಗೌಡರನ್ನು ಹೇಳಿದೆ. ಆಮೇಲೆ ಕಾಗದ ಮಡಚಿಟ್ಟು, ಸೋಮವಾರ ಸಂಜೆ ನಾನು ಮಾಡಿದ ಅನಾಹುತವನ್ನು ಒಂದೂ ಬಿಡದೆ ಹೇಳಿದೆ. ಚಹಾದ ಕಪ್ಪಿನ ವಿಷಯ ಬಂದಾಗ ಹಿಂದಿನ ಸಾಲು ನಕ್ಕಿತು. ಹಾರ್ಟ್ಲಿಯವರು ನಗಲಿಲ್ಲ.

"ಹಾಗಾದರೆ ನಿಮ್ಮ ವಾದ ಬಿದ್ದಿತು" ಎಂದರು. "ರೋಗಿಗೆ ನೀವು ಬೇಡವಾಗಿತ್ತು."

"ನನ್ನ ವಾದದ ಅರ್ಧ ಬಿದ್ದಿತು ಸರ್. ನಿಮ್ಮದು ಪೂರ್ತಿ ಬಿದ್ದಿತು. ಕೂತಿರುವುದು ಬರೀ ನರ್ಸಿನ ಕೆಲಸವಾಗಿದ್ದರೆ ಆಕೆ ಅಳುತ್ತಿರಲಿಲ್ಲ, ನೀರು ಕೇಳುತ್ತಿದ್ದಳು."

ಕೋಣೆ ತಣ್ಣಗಾಯಿತು. ಹೆಚ್ಚಾಯಿತೇನೋ ಎಂದು ನನಗೂ ಅನ್ನಿಸಿತು, ಆದರೆ ಆಡಿದ ಮಾತು ವಾಪಸು ತೆಗೆಯುವ ಅಭ್ಯಾಸ ನನಗಿಲ್ಲ.

ಅವರು ಪೈಪು ತುಂಬಿಸಿದರು. "ಆಕೆಯನ್ನು ಕೇಳಿದಿರಾ? ಬೇಕೋ ಬೇಡವೋ ಎಂದು?"

"ಕೇಳಿದೆ."

"ಏನು ಹೇಳಿದರು?"

ಮಿಸೆಸ್ ಡಾಬ್ಸನ್ ಹೇಳಿದ್ದನ್ನು ಅವರದೇ ಶಬ್ದಗಳಲ್ಲಿ ಹೇಳಿದೆ. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದವಳು ಬೇಡ ಎನ್ನುವುದನ್ನು ಮೊದಲೇ ಕಲಿತಿರುತ್ತಾಳೆ. "ಆದ್ದರಿಂದ ಸುಮ್ಮನೆ ಕೇಳಿದರೂ ಸಾಲದು ಸರ್. ಜನ ಹೇಳುವ ಬೇಡ ಎಲ್ಲಿಂದ ಬಂತೆಂದು ಹುಡುಕಬೇಕು. ಅದಕ್ಕೆ ನನಗೆ ಮೂರು ವರ್ಷ ಬೇಕು. ನಮ್ಮೂರಿನ ವಾರ್ಡೂ ಬೇಕು, ನಿಮ್ಮೂರಿನದೂ ಬೇಕು."

ಹಾರ್ಟ್ಲಿಯವರು ಪೈಪು ಹಚ್ಚಲಿಲ್ಲ.

"ಆಕೆ ಈಗ ಹೇಗಿದ್ದಾರೆ?"

ನಾನು ಗಡಿಯಾರ ನೋಡಿದೆ. "ಈಗ ಆಪರೇಶನ್ನಿಗೆ ಒಯ್ದಿರುತ್ತಾರೆ."

"ಈಗ? ಅವರ ಜೊತೆ ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ನೀವು ಇಲ್ಲಿ ಏನು ಮಾಡುತ್ತಿದ್ದೀರಿ?"

ಕೇಳಿದ್ದು ಸಿಟ್ಟಿನಿಂದ. ಕೇಳಿದ ಮೇಲೆ, ತಾನು ಏನು ಕೇಳಿದೆ ಎಂದು ಅವರಿಗೇ ತಿಳಿದು ಮುಖ ಕೆಂಪಾಯಿತು. ಉಳಿದಿಬ್ಬರು ಅಧ್ಯಾಪಕರು ಮೇಜು ನೋಡುತ್ತ ಕೂತರು. ಹಾರ್ಟ್ಲಿಯವರು ಎದ್ದು ಗೂಟದಿಂದ ಕೋಟು ತೆಗೆದುಕೊಂಡು, ಕಾರು ಹೊರಗಿದೆ, ಬನ್ನಿ ಎಂದರು.

ಅದು ತಗ್ಗಿ ಕೂರಬೇಕಾದ ಒಂದು ಪುಟ್ಟ ಕಾರು. ಅವರ ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತಿತ್ತು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ, ಮುಂದೆ ನೋಡುತ್ತಲೇ, "ಮೂರು ವರ್ಷದಲ್ಲಿ ಮುಗಿಸಬೇಕು, ನಾಲ್ಕು ಆಗಬಾರದು" ಎಂದರು. ಉಳಿದಿಬ್ಬರನ್ನು ಕೇಳಬೇಕಲ್ಲವೇ ಎಂದೆ. "ಅವರು ಮೇಜು ನೋಡುತ್ತಿದ್ದರೆ ಒಪ್ಪಿದ್ದಾರೆ ಎಂದರ್ಥ" ಎಂದರು. ನನಗೆ ಕುಣಿಯಬೇಕೆನ್ನಿಸಿತು. ಆದರೆ ಆ ಹೊತ್ತಿಗೆ ಅದು ಸಲ್ಲದು, ಕೂತಲ್ಲೇ ಕೂತೆ.

ಕಾರಿಡಾರಿನಲ್ಲಿ ಎರಡು ಕುರ್ಚಿಗಳಿದ್ದವು. ಆಪರೇಶನ್ ಇನ್ನೂ ನಡೆಯುತ್ತಿದೆ, ಹೊತ್ತಾಗುತ್ತದೆ, ನೀವು ಮನೆಗೆ ಹೋಗಿ ಫೋನ್ ಮಾಡಬಹುದು ಎಂದು ಅಲ್ಲಿದ್ದ ನರ್ಸ್ ಹೇಳಿದಳು. ಆಕೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಕೂತೆ. ಹಾರ್ಟ್ಲಿಯವರು ಕೂರಲಿಲ್ಲ. ಒಮ್ಮೆ ಬಾಗಿಲವರೆಗೆ ಹೋಗಿ ಬಂದರು, ಗೋಡೆಯ ಮೇಲಿನ ಸೂಚನೆಗಳನ್ನು ಓದಿದರು, ಪೈಪು ತೆಗೆದು ಇಲ್ಲಿ ಹಚ್ಚಬಾರದೆಂದು ನೆನಪಾಗಿ ಜೇಬಿಗೆ ಹಾಕಿಕೊಂಡರು. ಪುತ್ತೂರಿನ ಯಾವ ಜಗಲಿಯಲ್ಲೂ ಅಷ್ಟು ಕೈಕಾಲು ತೋಚದೆ ನಿಂತ ಗಂಡಸನ್ನು ನಾನು ಕಂಡಿರಲಿಲ್ಲ.

"ಈಗ ನಾವು ಮಾಡಬೇಕಾದ್ದು ಏನು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅದು ಮೇಷ್ಟ್ರು ಕೇಳುವ ಪ್ರಶ್ನೆಯಾಗಿರಲಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದರು.

"ಏನೂ ಇಲ್ಲ ಸರ್. ಆಕೆ ಹೊರಗೆ ಬರುವವರೆಗೆ ಇಲ್ಲಿ ಇರುವುದು."

ಅವರು 'ಓಹ್' ಎಂದು ಕೋಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಿರಾಳವಾಗಿ ಉಸಿರಾಡುತ್ತ ಮಲಗಿದ್ದ ಮಿಸೆಸ್ ಡಾಬ್ಸನ್ನರನ್ನು ಗಾಲಿಮಂಚದಲ್ಲಿ ಹೊರಗೆ ತಂದಾಗ ಇಬ್ಬರೂ ಒಟ್ಟಿಗೆ ಎದ್ದು ನಿಂತೆವು.